ಎಂಬತ್ತು ವರ್ಷದ ಟೊಕರೆವ್ ಪಿಸ್ತೂಲಿನಿಂದ ಗುಂಡು ಹಾರಿಸಬಹುದೇ?

ಓದುಗರ ಪ್ರಶ್ನೆ: ನಾನು ಮೂಲತಃ ಹಾಸನ ಜಿಲ್ಲೆಯವನು. ಹನ್ನೆರಡು ವರ್ಷಗಳಿಂದ ಅಮೆರಿಕದ ಟೆಕ್ಸಾಸ್‌ನಲ್ಲಿದ್ದೇನೆ. ಕಳೆದ ವರ್ಷ ಗ್ರೀನ್ ಕಾರ್ಡ್ ಬಂತು. ಎರಡನೇ ಮಹಾಯುದ್ಧದ ಇತಿಹಾಸದಲ್ಲಿ ಮೊದಲಿನಿಂದಲೂ ಆಸಕ್ತಿ ಇದ್ದುದರಿಂದ, ಪರವಾನಗಿ ಇರುವ ಅಂಗಡಿಯಲ್ಲಿ 1944ರ ಇಸವಿ ಕೆತ್ತಿರುವ ಸೋವಿಯತ್ ಟೊಕರೆವ್ ಪಿಸ್ತೂಲು ಮತ್ತು ಹಳೆಯ ಸೈನ್ಯದ ತಗಡಿನ ಡಬ್ಬಿಯಿಂದ ತೆಗೆದ ಸುಮಾರು 200 ತೋಟಾಗಳನ್ನು ಕೊಂಡೆ. ಮೇಲೆ ಹಿಂದಕ್ಕೂ ಮುಂದಕ್ಕೂ ಸರಿಯುವ ಸ್ಲೈಡಿನ ಮೇಲಿನ ನಂಬರಿಗೂ ಹಿಡಿಕೆ ಇರುವ ಫ್ರೇಮಿನ ಮೇಲಿನ ನಂಬರಿಗೂ ಹೊಂದಿಕೆಯಿಲ್ಲ. ಎಂಬತ್ತು ವರ್ಷದ ಉಕ್ಕು ಸತ್ತುಹೋಗಿರುತ್ತದೆ, ಕೈಯಲ್ಲೇ ಸಿಡಿಯುತ್ತದೆ ಎಂದು ಒಬ್ಬ ಸ್ನೇಹಿತ ಹೇಳುತ್ತಾನೆ. ಈ ತೋಟಾಗಳು ಸಬ್‌ಮಷಿನ್ ಗನ್ನಿಗೆ ಮಾಡಿದವು, ಪಿಸ್ತೂಲು ತಡೆಯುವುದಿಲ್ಲ, ಅದಕ್ಕಿಂತ ಗಟ್ಟಿಯಾದ ಚೆಕ್ ಪಿಸ್ತೂಲು ತೆಗೆದುಕೋ ಎಂದು ಇನ್ನೊಬ್ಬ. ಅವುಗಳ ಹೊಗೆಯಲ್ಲಿ ಆಸಿಡ್ ಇರುತ್ತದೆ, ಕಿಟಕಿ ಒರೆಸುವ ಅಮೋನಿಯಾ ದ್ರಾವಣದಿಂದ ತೊಳೆಯಬೇಕು ಎಂದು ಮತ್ತೊಬ್ಬ. ಹಿಂಬದಿಯ ಸುತ್ತಿಗೆಯನ್ನು, ಅಂದರೆ ಹ್ಯಾಮರನ್ನು, ಅರ್ಧಕ್ಕೆ ನಿಲ್ಲಿಸಿದರೆ ತುಂಬಿದ ಪಿಸ್ತೂಲೂ ಸುರಕ್ಷಿತ ಎಂಬುದು ನಿಜವೇ? ಮನೆಯಲ್ಲಿ ಆರು ಮತ್ತು ಒಂಬತ್ತು ವರ್ಷದ ಮಕ್ಕಳಿದ್ದಾರೆ. ಹೆಂಡತಿಗೆ ಇದು ಮನೆಯಲ್ಲಿರುವುದೇ ಆತಂಕ. ಎಚ್-1ಬಿ ವೀಸಾದಲ್ಲಿರುವ ನನ್ನ ಭಾವಮೈದ ಗುಂಡು ಹಾರಿಸುವ ರೇಂಜಿಗೆ ಜೊತೆಗೆ ಬರುತ್ತೇನೆ ಎನ್ನುತ್ತಿದ್ದಾನೆ. ನಾನು ಇದರಿಂದ ಗುಂಡು ಹಾರಿಸಬಹುದೇ, ಅಥವಾ ಗಾಜಿನ ಕಪಾಟಿನಲ್ಲಿ ಇಟ್ಟುಬಿಡುವುದು ಒಳ್ಳೆಯದೇ?

ಉತ್ತರ: ಮೊದಲು ಒಂದು ಮಾತು. ಗುಂಡು ಹಾರಿಸುವ ಮುನ್ನ ಕೇಳಿದ್ದೀರಿ. ಇಪ್ಪತ್ತು ವರ್ಷಗಳಿಂದ ಹಳೆಯ ಸೈನಿಕ ಪಿಸ್ತೂಲುಗಳ ದುರಸ್ತಿಯನ್ನೇ ಮಾಡಿಕೊಂಡು ಬಂದಿರುವ ನನ್ನ ಮೇಜಿನ ಮೇಲೆ ಬರುವ ಪಿಸ್ತೂಲುಗಳಲ್ಲಿ ಹೆಚ್ಚಿನವು ಹಾರಿಸಿದ ಮೇಲೆ, ಏನೋ ಕೆಟ್ಟ ಮೇಲೆ ಬರುತ್ತವೆ. ನಿಮ್ಮ ಸ್ನೇಹಿತರ ಮಾತುಗಳಲ್ಲಿ ಒಂದೊಂದರಲ್ಲೂ ಸ್ವಲ್ಪ ಸತ್ಯವಿದೆ, ಆದರೆ ಆ ಸತ್ಯ ಅವರು ತೋರಿಸುವ ಜಾಗದಲ್ಲಿಲ್ಲ. ನಿಮ್ಮ ಪಿಸ್ತೂಲಿನಲ್ಲಿ ಅಪಾಯವಿದ್ದರೆ ಅದು ಉಕ್ಕಿನ ವಯಸ್ಸಿನಿಂದ ಬಂದದ್ದಲ್ಲ. ಒಳಗೆ ಉಳಿದುಕೊಂಡಿರುವ ಗ್ರೀಸಿನಿಂದ, ಸೋತ ಸ್ಪ್ರಿಂಗಿನಿಂದ, ಹಾರಿಸಿದ ಮೇಲೆ ಉಳಿಯುವ ಉಪ್ಪಿನಿಂದ, ಮತ್ತು ಆ ಪಿಸ್ತೂಲಿಗೆ ಹುಟ್ಟಿನಿಂದಲೇ ಇಲ್ಲದ ಸೇಫ್ಟಿಯಿಂದ ಬರುವಂಥದ್ದು. ನಾಲ್ಕಕ್ಕೂ ದಾರಿಯಿದೆ.

ಉಕ್ಕಿನ ವಿಚಾರ ಮೊದಲು. ಉಕ್ಕು ಕಪಾಟಿನಲ್ಲಿ ಕುಳಿತು ಮುಪ್ಪಾಗುವುದಿಲ್ಲ. ಅದನ್ನು ದಣಿಸುವುದು ಕಳೆದ ವರ್ಷಗಳಲ್ಲ, ಹಾರಿದ ಗುಂಡುಗಳ ಸಂಖ್ಯೆ, ತಿನ್ನುವುದು ತುಕ್ಕು. ಅಜ್ಜನ ಕಾಲದ ಗುದ್ದಲಿಯ ಅಲಗು ಇಂದಿಗೂ ಕೆಲಸಕ್ಕೆ ಬರುತ್ತದೆ, ಬದಲಾಗಿರುವುದು ಅದರ ಕಾವು ಮಾತ್ರ. ಸೈನ್ಯದ ಪಿಸ್ತೂಲುಗಳ ಕಥೆಯೂ ಹೆಚ್ಚುಕಡಿಮೆ ಹೀಗೆಯೇ. ಅವುಗಳಲ್ಲಿ ಬಹಳಷ್ಟು ಅಧಿಕಾರಿಗಳ ಸೊಂಟದಲ್ಲಿ ತೂಗಾಡಿದ್ದು ಹೆಚ್ಚು, ಹಾರಿದ್ದು ಕಡಿಮೆ. ಹೊರಗೆ ಬಣ್ಣ ಸವೆದು ನಳಿಕೆಯ ಒಳಗಿನ ಗೀರುಗಳು ಮಾತ್ರ ಚೂಪಾಗಿಯೇ ಉಳಿದಿರುವ ಟೊಕರೆವ್‌ಗಳನ್ನು ನಾನು ಎಷ್ಟೋ ನೋಡಿದ್ದೇನೆ.

ಫೆಡೊರ್ ಟೊಕರೆವ್ ಈ ಪಿಸ್ತೂಲನ್ನು ರೂಪಿಸಿದ್ದು 1930ರ ಸುಮಾರಿಗೆ, ತೂಲಾ ನಗರದ ಕಾರ್ಖಾನೆಯಲ್ಲಿ. 1933ರಲ್ಲಿ ಅದನ್ನು ಸರಳಗೊಳಿಸಿ ಟಿಟಿ-33 ಎಂದು ಕರೆದರು. ಟಿಟಿ ಎಂದರೆ ತೂಲಾ, ಟೊಕರೆವ್. 1941ರಲ್ಲಿ ಜರ್ಮನ್ ಸೈನ್ಯ ತೂಲಾದ ಬಾಗಿಲಿಗೆ ಬಂದಾಗ ಯಂತ್ರಗಳನ್ನು ಪೂರ್ವಕ್ಕೆ ಸಾಗಿಸಬೇಕಾಯಿತು. ಯುದ್ಧಕಾಲದ ಟಿಟಿಗಳಲ್ಲಿ ಹೆಚ್ಚಿನವು ಇಜೆವ್ಸ್ಕ್‌ನಲ್ಲಿ ತಯಾರಾದವು. ನಿಮ್ಮದು 1944ರದ್ದು ಎಂದಾದರೆ ಸ್ಲೈಡಿನ ಹಿಂಭಾಗದಲ್ಲಿ ಬೆರಳಿನ ಹಿಡಿತಕ್ಕೆಂದು ಕೊರೆದ ಗೀರುಗಳು ಒಂದು ಅಗಲ, ಒಂದು ಸಣ್ಣ ಎಂಬಂತೆ ಇರಬೇಕು. ಎಲ್ಲವೂ ಒಂದೇ ಸಮನಾದ ಸಣ್ಣ ಗೀರುಗಳು ಬಂದದ್ದು ಯುದ್ಧ ಮುಗಿದ ಮೇಲೆ. ಪಕ್ಕದಿಂದ ಬೆಳಕು ಬೀಳುವಂತೆ ಹಿಡಿದರೆ ಸ್ಲೈಡಿನ ಮೈಮೇಲೆ ಯಂತ್ರದ ಉಳಿ ಹಾದುಹೋದ ಜಾಡುಗಳು ಒಂದರ ಪಕ್ಕ ಒಂದು ಎದ್ದು ಕಾಣುತ್ತವೆ. ಉಜ್ಜಿ ನಯಮಾಡಲು ಆಗ ಅವರಿಗೆ ಸಮಯವಿರಲಿಲ್ಲ. ಈ ಒರಟುತನ ನೋಡಿ ಹೆದರಬೇಡಿ. ಅವಸರ ತೋರುವುದು ಹೊರಮೈಯಲ್ಲಿ. ನಳಿಕೆ ಮತ್ತು ಲಾಕ್ ಆಗುವ ಹಲ್ಲುಗಳ ಅಳತೆ ತಪ್ಪಿದ್ದರೆ ಪಿಸ್ತೂಲು ಕೆಲಸವನ್ನೇ ಮಾಡುತ್ತಿರಲಿಲ್ಲ.

ನಂಬರು ಹೊಂದದಿರುವುದು ಮೋಸದ ಗುರುತಲ್ಲ. ಯುದ್ಧದ ನಂತರ ಸೋವಿಯತ್ ಶಸ್ತ್ರಾಗಾರಗಳಲ್ಲಿ ರಾಶಿ ರಾಶಿ ಪಿಸ್ತೂಲುಗಳನ್ನು ಬಿಚ್ಚಿ, ಸವೆದ ಭಾಗ ತೆಗೆದು, ಬೇರೊಂದರ ಭಾಗ ಹಾಕಿ, ಹೊಸದಾಗಿ ಬಣ್ಣ ಕೊಟ್ಟು ಗ್ರೀಸ್ ಬಳಿದು ಇಟ್ಟುಬಿಟ್ಟರು. ಸಂಗ್ರಾಹಕನಿಗೆ ಇದರಿಂದ ಬೆಲೆ ಸ್ವಲ್ಪ ಕಡಿಮೆ. ಹಾರಿಸುವವನಿಗೆ ಇದರ ಅರ್ಥ ಬೇರೆ: ಈ ಸ್ಲೈಡ್ ಮತ್ತು ಈ ನಳಿಕೆ ಹುಟ್ಟಿನಿಂದ ಜೊತೆಗಿದ್ದವಲ್ಲ, ಆದ್ದರಿಂದ ಬಂದೂಕು ದುರಸ್ತಿಗಾರರೊಬ್ಬರು ಗೇಜ್ ಹಾಕಿ, ತೋಟಾ ಕೂರುವ ಚೇಂಬರಿನ ಅಳತೆಯನ್ನು ಒಮ್ಮೆ ನೋಡಲೇಬೇಕು. ಹತ್ತು ನಿಮಿಷದ ಕೆಲಸ ಅದು.

ಈಗ ಒಳಗಿನ ಗ್ರೀಸ್. ನನಗೆ ಅತಿ ಹೆಚ್ಚು ಚಿಂತೆ ಕೊಡುವುದು ಇದೇ. ಉಗ್ರಾಣಕ್ಕೆ ಹೋಗುವ ಮುನ್ನ ಪಿಸ್ತೂಲನ್ನು ದಪ್ಪ ಗ್ರೀಸಿನಲ್ಲಿ ಮುಳುಗಿಸುತ್ತಿದ್ದರು. ದಶಕಗಳು ಕಳೆದ ಮೇಲೆ ಅದು ಎತ್ತಿನ ಗಾಡಿಯ ಅಚ್ಚಿನಲ್ಲಿ ಒಣಗಿದ ಕೀಲೆಣ್ಣೆಯಂತೆ ಕಂದುಬಣ್ಣಕ್ಕೆ ತಿರುಗಿ, ಮೇಣಕ್ಕಿಂತ ಗಟ್ಟಿಯಾಗಿ ಕೂರುತ್ತದೆ. ಅಂಗಡಿಯವರು ಹೊರಮೈಯನ್ನು ಒರೆಸಿ ಹೊಳಪು ಬರಿಸಿರುತ್ತಾರೆ. ತೋಟಾದ ತಳಕ್ಕೆ ಹೊಡೆಯುವ ಫೈರಿಂಗ್ ಪಿನ್ ಓಡಾಡುವ ಸಣ್ಣ ರಂಧ್ರದೊಳಗೆ ಯಾರೂ ಕೈಹಾಕಿರುವುದಿಲ್ಲ. ಆ ಜಿಡ್ಡಿನಲ್ಲಿ ಪಿನ್ ಹಿಂದಕ್ಕೆ ಸಿಕ್ಕಿಕೊಂಡರೆ ಹೊಡೆತ ಮೆತ್ತಗಾಗಿ ತೋಟಾ ಹಾರುವುದಿಲ್ಲ, ಅಷ್ಟೇ. ಮುಂದಕ್ಕೆ ಸಿಕ್ಕಿಕೊಂಡರೆ, ಸ್ಲೈಡ್ ಮುಚ್ಚಿಕೊಳ್ಳುವ ರಭಸಕ್ಕೇ ತೋಟಾ ಹಾರಿಬಿಡಬಹುದು, ನೀವು ಟ್ರಿಗರ್ ಮುಟ್ಟದೆಯೇ. ಟೊಕರೆವ್‌ನಲ್ಲಿ ಪಿನ್ನನ್ನು ಹಿಂದಕ್ಕೆ ತಳ್ಳುವ ಸ್ಪ್ರಿಂಗ್ ಇದೆಯಾದರೂ ಗಟ್ಟಿಯಾದ ಗ್ರೀಸಿನ ಮುಂದೆ ಎಂಬತ್ತು ವರ್ಷದ ಆ ಸ್ಪ್ರಿಂಗಿನ ಬಲ ಎಷ್ಟೆಂದು ನೋಡಿದರೆ ಗೊತ್ತಾಗುವುದಿಲ್ಲ. ಟೊಕರೆವ್‌ನ ನಂತರ ಬಂದ ಸೋವಿಯತ್ ಪಿಸ್ತೂಲು ಮಕರೋವ್‌ನಲ್ಲಿ ಆ ಸ್ಪ್ರಿಂಗ್ ಕೂಡ ಇಲ್ಲ. ಕೆಲವು ವರ್ಷಗಳ ಹಿಂದೆ ಒಬ್ಬರು ತಂದುಕೊಟ್ಟ ಟೊಕರೆವ್‌ನ ಪಿನ್ನನ್ನು ಹೊರತೆಗೆದಾಗ ಅದರ ಜೊತೆಗೆ ಗ್ರೀಸ್ ಒಂದು ಪೆನ್ಸಿಲ್ ಕಡ್ಡಿಯಂತೆ ಇಡಿಯಾಗಿ ಹೊರಬಂತು. ಆ ಪಿಸ್ತೂಲನ್ನು ಅವರು ಅಷ್ಟರಲ್ಲಾಗಲೇ ಎರಡು ಸಲ ರೇಂಜಿಗೆ ಒಯ್ದಿದ್ದರು.

ಆದ್ದರಿಂದ ಮೊದಲ ಗುಂಡಿಗೆ ಮುನ್ನ ಪಿಸ್ತೂಲನ್ನು ಪೂರ್ತಿ ಬಿಚ್ಚಿ ತೊಳೆಯಬೇಕು. ಟೊಕರೆವ್ ಬಿಚ್ಚುವುದು ಕಷ್ಟವಲ್ಲ. ಮ್ಯಾಗಜೀನ್ ತೆಗೆದು, ಚೇಂಬರ್ ಖಾಲಿ ಇದೆ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿಕೊಂಡ ಮೇಲೆ, ಫ್ರೇಮಿನ ಬಲಗಡೆ ಇರುವ ಚಿಕ್ಕ ಕ್ಲಿಪ್ಪನ್ನು ಮ್ಯಾಗಜೀನಿನ ತಳದ ಅಂಚಿನಿಂದ ಹಿಂದಕ್ಕೆ ತಳ್ಳಿದರೆ ಎಡಗಡೆಯ ಸ್ಲೈಡ್ ಸ್ಟಾಪ್ ಹೊರಬರುತ್ತದೆ, ಸ್ಲೈಡ್ ಮುಂದಕ್ಕೆ ಜಾರುತ್ತದೆ. ಹ್ಯಾಮರ್ ಮತ್ತು ಅದರ ಸ್ಪ್ರಿಂಗ್ ಇರುವ ಭಾಗ ಇಡಿಯಾಗಿ ಮೇಲಕ್ಕೆ ಎದ್ದುಬರುತ್ತದೆ. ಯುದ್ಧಭೂಮಿಯಲ್ಲಿ ಸೈನಿಕನೇ ತೆಗೆದು ತೊಳೆಯಲಿ ಎಂದು ಟೊಕರೆವ್ ಮಾಡಿದ ಏರ್ಪಾಡು ಅದು, ಇಂದಿಗೂ ಆ ಜಾಣ್ಮೆಗೆ ನನಗೆ ಗೌರವವಿದೆ. ಹಿಡಿಕೆಯ ಪಟ್ಟಿಗಳಿಗೆ ಹೊರಗಿನಿಂದ ಸ್ಕ್ರೂ ಇಲ್ಲ. ಮ್ಯಾಗಜೀನ್ ಕೂರುವ ಜಾಗದ ಒಳಗಿನಿಂದ ಒಂದು ಚಿಕ್ಕ ಪಟ್ಟಿಯನ್ನು ತಿರುಗಿಸಬೇಕು. ಇದು ತಿಳಿಯದೆ ಹೊರಗಿನಿಂದ ಸ್ಕ್ರೂಡ್ರೈವರ್ ಹಾಕಿ ಮೀಟಿ, ನಕ್ಷತ್ರದ ಗುರುತಿನ ಹಳೆಯ ಬೇಕಲೈಟ್ ಪಟ್ಟಿಗಳನ್ನು ಸೀಳಿದವರು ಬಹಳ. ಫೈರಿಂಗ್ ಪಿನ್ನನ್ನು ಹಿಡಿದಿರುವ ಅಡ್ಡಪಿನ್ ತೆಗೆಯುವುದು ಮಾತ್ರ ಸರಿಯಾದ ಉಪಕರಣ ಇಲ್ಲದೆ ಬೇಡ. ಅದನ್ನು ದುರಸ್ತಿಗಾರರಿಗೇ ಬಿಡಿ, ಜೊತೆಗೆ ಸ್ಲೈಡನ್ನು ಮುಂದಕ್ಕೆ ತಳ್ಳುವ ಹೊಸ ರಿಕಾಯಿಲ್ ಸ್ಪ್ರಿಂಗನ್ನೂ ಫೈರಿಂಗ್ ಪಿನ್ನಿನ ಸ್ಪ್ರಿಂಗನ್ನೂ ಹಾಕಿಸಿ. ಗುದ್ದಲಿಯ ಕಾವು ಬದಲಿಸುವುದು ಎಂದರೆ ಇದೇ. ರಿಕಾಯಿಲ್ ಸ್ಪ್ರಿಂಗ್ ಸೋತಿದ್ದರೆ ಪ್ರತಿ ಗುಂಡಿಗೂ ಸ್ಲೈಡ್ ಹಿಂದಕ್ಕೆ ಓಡಿ ಫ್ರೇಮಿಗೆ ಗುದ್ದುತ್ತದೆ. ಬಿರುಕು ಹುಟ್ಟುವುದು ಹಾಗೆ, ವಯಸ್ಸಿನಿಂದ ಅಲ್ಲ. ದುರಸ್ತಿಗಾರರು ಸ್ಲೈಡಿನ ಕಿಟಕಿಯ ಮೂಲೆಗಳಲ್ಲಿ ಕೂದಲೆಳೆಯ ಬಿರುಕು, ನಳಿಕೆಯ ಮೇಲಿನ ಲಾಕಿಂಗ್ ಹಲ್ಲುಗಳ ಅಂಚು ದುಂಡಾಗಿರುವುದು, ನಳಿಕೆಯ ಕೆಳಗಿನ ಕೊಂಡಿಯ ಸವೆತ ಇವನ್ನು ನೋಡಲಿ. ನಳಿಕೆಯೊಳಗೆ ಬೆಳಕು ಹಾಯಿಸಿದಾಗ ಬಳೆಯಂತೆ ಕಪ್ಪು ನೆರಳು ಕಂಡರೆ, ಹಿಂದೆಂದೋ ಗುಂಡು ಸಿಕ್ಕಿಕೊಂಡು ನಳಿಕೆ ಉಬ್ಬಿದೆ ಎಂದು ಅರ್ಥ. ಅಂಥದ್ದನ್ನು ಹಾರಿಸಲೇಬಾರದು.

ಸಬ್‌ಮಷಿನ್ ಗನ್ನಿನ ತೋಟಾದ ಮಾತು ನಾನು ಕೆಲಸ ಕಲಿಯುವಾಗಿನಿಂದ ಕೇಳುತ್ತಿದ್ದೇನೆ. ಸೋವಿಯತ್ ಸೈನ್ಯ ಪಿಪಿಎಸ್‌ಎಚ್-41 ಸಬ್‌ಮಷಿನ್ ಗನ್ನಿಗೂ ಟಿಟಿ ಪಿಸ್ತೂಲಿಗೂ 7.62×25ರ ಒಂದೇ ತೋಟಾ ಕೊಡುತ್ತಿತ್ತು. ಎರಡು ಬಗೆಯ ತೋಟಾ ಸಾಗಿಸುವ ತಾಪತ್ರಯವೇ ಬೇಡ ಎಂಬುದು ಅದರ ಉದ್ದೇಶ. ಆದರೆ ಈ ಮಾತಿನ ನೆರೆಯಲ್ಲಿ ಒಂದು ನಿಜವಾದ ಅಪಾಯವಿದೆ. ಟೊಕರೆವ್ ತೋಟಾ ಹುಟ್ಟಿದ್ದು ಅದಕ್ಕಿಂತ ಹಳೆಯ 7.63 ಮಿಲಿಮೀಟರ್ ಮೌಸರ್ ತೋಟಾದಿಂದ. ಎರಡರ ಅಳತೆಯೂ ಬಹುತೇಕ ಒಂದೇ, ಆದರೆ ಟೊಕರೆವ್ ತೋಟಾದಲ್ಲಿ ಒತ್ತಡ ಹೆಚ್ಚು. ಮೌಸರ್ ತೋಟಾವನ್ನು ಟೊಕರೆವ್‌ನಲ್ಲಿ ಹಾಕಿದರೆ ಮುಳುಗುವುದೇನಿಲ್ಲ. ಟೊಕರೆವ್ ತೋಟಾವನ್ನು ಹಳೆಯ ಸಿ-96 ಮೌಸರ್ ಪಿಸ್ತೂಲಿನಲ್ಲಿ ಹಾಕುವುದು ಆ ಪಿಸ್ತೂಲಿಗೂ ಹಿಡಿದವನಿಗೂ ಕೇಡು. ನಾಗಾಂತ್ ರಿವಾಲ್ವರಿನ 7.62×38 ತೋಟಾ ಪೂರ್ತಿ ಬೇರೆಯದು. ಪೆಟ್ಟಿಗೆಯ ಮೇಲೆ 7.62 ಎಂದು ಕಂಡರೆ ಸಾಲದು, ಅದರ ಮುಂದಿನ ಅಂಕಿ 25 ಎಂದೇ ಇರಬೇಕು.

ಚೆಕ್ ಪಿಸ್ತೂಲು ಎಂದು ನಿಮ್ಮ ಸ್ನೇಹಿತ ಹೇಳಿರುವುದು ಸಿಜಡ್-52 ಇರಬೇಕು. ರೋಲರ್‌ಗಳಿಂದ ಲಾಕ್ ಆಗುವ ಅದರ ಯಂತ್ರಕ್ರಮ ನೋಡಲು ಗಟ್ಟಿಮುಟ್ಟಾಗಿದೆ, ಅದರಿಂದಲೇ ಈ ಹೆಸರು. ಆದರೆ ಆ ರೋಲರ್‌ಗಳಿಗೆ ಜಾಗ ಮಾಡಲು ಚೇಂಬರಿನ ಕೆಳಭಾಗದ ಲೋಹವನ್ನೇ ಕೊರೆದು ತೆಗೆದಿದ್ದಾರೆ. ಅದರ ಮೂಲ ಫೈರಿಂಗ್ ಪಿನ್ ಪೆಡಸು. ಖಾಲಿ ಪಿಸ್ತೂಲಿನಲ್ಲಿ ಟ್ರಿಗರ್ ಒತ್ತುತ್ತಾ ಹೋದರೆ ಮುರಿಯುತ್ತದೆ. ತೋಟಾ ತುಂಬಿರುವಾಗ ಹ್ಯಾಮರ್ ಇಳಿಸಲು ಅದರ ಡಿಕಾಕರ್ ಬಳಸುವುದಂತೂ ಬೇಡವೇ ಬೇಡ, ಸವೆದ ಪಿಸ್ತೂಲುಗಳಲ್ಲಿ ಅದು ಗುಂಡನ್ನೇ ಹಾರಿಸಿಬಿಡಬಹುದು. ನಿಮ್ಮ ಟೊಕರೆವ್ ಕೊಟ್ಟು ಅದನ್ನು ತರುವ ಕಾರಣ ನನಗೆ ಕಾಣುವುದಿಲ್ಲ.

ಆಸಿಡ್ ಮತ್ತು ಅಮೋನಿಯಾ. ಹೊಗೆಯಲ್ಲಿ ಆಸಿಡ್ ಇಲ್ಲ, ಇರುವುದು ಉಪ್ಪು. ಹಳೆಯ ಸೈನಿಕ ತೋಟಾದ ತಳದಲ್ಲಿ ಪಿನ್ನಿನ ಹೊಡೆತಕ್ಕೆ ಹೊತ್ತಿಕೊಳ್ಳುವ ಪ್ರೈಮರಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ವರ್ಷಗಟ್ಟಲೆ ಉಗ್ರಾಣದಲ್ಲಿದ್ದರೂ, ಕೊರೆಯುವ ಚಳಿಯಲ್ಲೂ ಕೈಕೊಡದೆ ಹಾರುತ್ತದೆ ಎಂಬ ನಂಬಿಕೆಯಿಂದ ಅದನ್ನೇ ಬಹಳ ಕಾಲ ಉಳಿಸಿಕೊಂಡರು. ಹಾರಿದಾಗ ಅದು ಪೊಟ್ಯಾಸಿಯಂ ಕ್ಲೋರೈಡ್ ಆಗುತ್ತದೆ, ಅಂದರೆ ನಮ್ಮ ಅಡುಗೆಯ ಉಪ್ಪಿನ ದಾಯಾದಿ. ಮಳೆಗಾಲದಲ್ಲಿ ಭರಣಿಯೊಳಗಿನ ಉಪ್ಪು ನೀರು ಬಿಟ್ಟುಕೊಳ್ಳುವುದನ್ನು ನಮ್ಮೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ನಳಿಕೆಯೊಳಗೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಅಂಟಿದ ಈ ಉಪ್ಪೂ ಗಾಳಿಯ ತೇವವನ್ನು ಹೀಗೆಯೇ ಎಳೆದುಕೊಳ್ಳುತ್ತದೆ, ಆ ಉಪ್ಪುನೀರು ಉಕ್ಕನ್ನು ತಿನ್ನುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಈ ಒಂದು ಸಂಗತಿ ತಿಳಿದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ. ಅಮೋನಿಯಾ ದ್ರಾವಣದಿಂದ ತೊಳೆದವರಿಗೂ ಫಲ ಸಿಗುತ್ತದೆ, ಆದರೆ ಕೆಲಸ ಮಾಡಿದ್ದು ಅದರಲ್ಲಿದ್ದ ನೀರು.

ಈ ಪಾಠವನ್ನು ನಾನು ಕಲಿತದ್ದು ಸ್ವಂತ ತಪ್ಪಿನಿಂದ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಶನಿವಾರ ಸಂಜೆ ಹಳೆಯ ತೋಟಾ ಹಾರಿಸಿದ ಪಿಸ್ತೂಲಿನ ನಳಿಕೆಗೆ ಒಳ್ಳೆಯ ಎಣ್ಣೆಯ ಬಟ್ಟೆ ಹಾಯಿಸಿ, ಕನ್ನಡಿಯಂತೆ ಹೊಳೆಯುತ್ತಿದೆ ಎಂದು ತೃಪ್ತಿಪಟ್ಟು ಮನೆಗೆ ಹೋದೆ. ಸೋಮವಾರ ಬೆಳಿಗ್ಗೆ ಅದೇ ನಳಿಕೆಯೊಳಗೆ, ಎಣ್ಣೆಯ ಪದರದ ಅಡಿಯಲ್ಲೇ, ಕೇಸರಿ ಬಣ್ಣದ ಸಣ್ಣ ಚುಕ್ಕೆಗಳು ಎದ್ದಿದ್ದವು. ಉಜ್ಜಿದಾಗ ಚುಕ್ಕೆ ಹೋಯಿತು, ಅದರ ಕೆಳಗಿನ ಗುಳಿ ಹೋಗಲಿಲ್ಲ.

ನಿಮ್ಮ 200 ತೋಟಾಗಳು ಸೈನ್ಯದ ತಗಡಿನ ಡಬ್ಬಿಯಿಂದ ಬಂದವು ಎಂದ ಮೇಲೆ, ಅಂಗಡಿಯವರು ಏನೇ ಹೇಳಲಿ, ಉಪ್ಪು ಬಿಡುವ ಪ್ರೈಮರಿನವು ಎಂದೇ ತಿಳಿದು ನಡೆಯಿರಿ. ಹಾರಿಸಿದ ದಿನವೇ, ರಾತ್ರಿ ಮಲಗುವ ಮುನ್ನ, ಹಿಡಿಕೆಯ ಪಟ್ಟಿಗಳನ್ನು ತೆಗೆದಿಟ್ಟು, ನಳಿಕೆಗೆ ಬಿಸಿನೀರು ಹಾಯಿಸಿ, ಸ್ಲೈಡಿನೊಳಗೆ ತೋಟಾದ ಹಿಂಭಾಗ ಒರಗುವ ಮುಖವನ್ನು, ಖಾಲಿ ಕೋಶ ಎಳೆಯುವ ಎಕ್ಸ್‌ಟ್ರ್ಯಾಕ್ಟರ್ ಕೊಕ್ಕೆಯ ಸಂದಿಯನ್ನು, ಮ್ಯಾಗಜೀನಿನ ಬಾಯಿಯನ್ನು ಹಳೆಯ ಬ್ರಷ್ಷಿನಿಂದ ತೊಳೆಯಿರಿ. ನೀರು ಬಿಸಿಯಾಗಿದ್ದಷ್ಟೂ ಲೋಹ ಬೇಗ ಒಣಗುತ್ತದೆ. ಪೂರ್ತಿ ಒಣಗಿದ ಮೇಲೆ ಮಾತ್ರ ಎಣ್ಣೆ. ಮರುದಿನವೂ ಅದರ ಮರುದಿನವೂ ಬಿಳಿ ಬಟ್ಟೆ ಹಾಯಿಸಿ ನೋಡಿ. ಬಟ್ಟೆಗೆ ಕಂದು ಹತ್ತಿದರೆ ಮತ್ತೆ ನೀರಿನಿಂದ ಶುರು. ತೊಳೆದ ನೀರಿನಲ್ಲಿ ಸೀಸದ ಅಂಶ ಇರುವುದರಿಂದ ಅಡುಗೆಮನೆಯ ಸಿಂಕ್ ಬಳಸಬೇಡಿ, ಕೈಯನ್ನು ಸೋಪಿನಿಂದ ಚೆನ್ನಾಗಿ ತೊಳೆದುಕೊಂಡ ಮೇಲೆಯೇ ಮಕ್ಕಳನ್ನು ಎತ್ತಿಕೊಳ್ಳಿ.

ಇಷ್ಟು ಶಿಸ್ತು ಪ್ರತಿ ಸಲವೂ ಸಾಧ್ಯವಿಲ್ಲ ಎನಿಸಿದರೆ ಹೊಸ ತೋಟಾ ಕೊಳ್ಳಿ. ಸರ್ಬಿಯಾದ ಪ್ರ್ವಿ ಪಾರ್ಟಿಜಾನ್, ಚೆಕ್ ದೇಶದ ಸೆಲ್ಯೆ ಅಂಡ್ ಬೆಲೊ ಕಂಪನಿಗಳು ಉಪ್ಪು ಬಿಡದ ಪ್ರೈಮರಿನ 7.62×25 ತೋಟಾಗಳನ್ನು ಮಾಡುತ್ತವೆ. ಬೆಲೆ ಹೆಚ್ಚು, ಆದರೆ ನಳಿಕೆಯ ಬೆಲೆಗಿಂತ ಕಡಿಮೆ. ರಷ್ಯಾದಲ್ಲಿ ಮಾಡಿದ ತೋಟಾಗಳಿಗೆ ಹೊಸ ಆಮದು ಪರವಾನಗಿ ಕೊಡುವುದನ್ನು ಅಮೆರಿಕ 2021ರ ಸೆಪ್ಟೆಂಬರಿನಲ್ಲಿ ನಿಲ್ಲಿಸಿತು. ಅವು ಬರುತ್ತವೆ ಎಂದು ಕಾಯಬೇಡಿ. ಹಳೆಯ ತೋಟಾಗಳನ್ನು ರೇಂಜಿಗೆ ಒಯ್ಯುವುದೇ ಆದರೆ ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿ, ಕತ್ತಿನ ಬಳಿ ಸೀಳಿರುವುದನ್ನು, ಹಸಿರು ಕಟ್ಟಿರುವುದನ್ನು, ಗುಂಡು ಒಳಕ್ಕೆ ಕುಸಿದಿರುವುದನ್ನು ಬೇರೆ ಇಡಿ. ಅಯಸ್ಕಾಂತವನ್ನೂ ಹಿಡಿದು ನೋಡಿ. ಅಂಟಿದರೆ ಗುಂಡಿನ ತಿರುಳು ಉಕ್ಕಿನದೇ ಆಗಬೇಕೆಂದಿಲ್ಲ, ಹೊರಕವಚ ಉಕ್ಕಿನದಾದರೂ ಅಂಟುತ್ತದೆ. ಆದರೆ ಅನೇಕ ಒಳಾಂಗಣ ರೇಂಜುಗಳಲ್ಲಿ ಅಯಸ್ಕಾಂತಕ್ಕೆ ಅಂಟುವ ಗುಂಡಿಗೆ ಪ್ರವೇಶವಿಲ್ಲ. ಮೊದಲೇ ಕೇಳಿಕೊಂಡು ಹೋಗಿ.

ಇನ್ನು ಹ್ಯಾಮರನ್ನು ಅರ್ಧಕ್ಕೆ ನಿಲ್ಲಿಸುವ ವಿಚಾರ. ನಿಮ್ಮ ಪ್ರಶ್ನೆಗಳಲ್ಲಿ ಯಾವ ವಿನಾಯಿತಿಯೂ ಇಲ್ಲದೆ ಬೇಡ ಎಂದು ಹೇಳುವುದು ಇದೊಂದಕ್ಕೆ. ಟಿಟಿ-33ಕ್ಕೆ ಕೈಯಿಂದ ಹಾಕುವ ಸೇಫ್ಟಿ ಹುಟ್ಟಿನಿಂದ ಇಲ್ಲ. ಹ್ಯಾಮರನ್ನು ಅರ್ಧ ಎಳೆದಾಗ ಒಂದು ಕಚ್ಚಿನಲ್ಲಿ ಕೂತು, ಸ್ಲೈಡೂ ಟ್ರಿಗರೂ ಅಲುಗದಂತೆ ಹಿಡಿಯುತ್ತದೆ; ಅಷ್ಟೇ ಅದರ ಏಕೈಕ ರಕ್ಷಣೆ. ಆ ಕಚ್ಚು ಎಷ್ಟು ದೊಡ್ಡದು ಎಂದು ಒಮ್ಮೆ ಹ್ಯಾಮರ್ ಭಾಗವನ್ನು ಹೊರತೆಗೆದು ನೋಡಿ, ಉಗುರಿನ ಅಂಚಿನಷ್ಟಿದೆ. ಪಿಸ್ತೂಲು ಕೈಜಾರಿ ಹ್ಯಾಮರಿನ ಮೇಲೆ ಬಿದ್ದರೆ ಸುಮಾರು 850 ಗ್ರಾಮ್ ತೂಕದ ಪೆಟ್ಟನ್ನು ತಡೆಯಬೇಕಾದದ್ದು ಉಗುರಿನಂಚಿನಷ್ಟಿರುವ ಆ ಉಕ್ಕು, ಅದೂ ಎಷ್ಟು ಸವೆದಿದೆ ಎಂದು ನಿಮಗೆ ತಿಳಿಯದು. ಅದಕ್ಕಿಂತ ಮೊದಲಿನ ಅಪಾಯ ಇನ್ನೊಂದು: ತೋಟಾ ಚೇಂಬರಿನಲ್ಲಿರುವಾಗ ಹ್ಯಾಮರನ್ನು ಅಲ್ಲಿಗೆ ಇಳಿಸಬೇಕಾದರೆ ಟ್ರಿಗರ್ ಒತ್ತಿಹಿಡಿದು ಹೆಬ್ಬೆರಳಿನಿಂದ ನಿಧಾನವಾಗಿ ಬಿಡಬೇಕು. ಎಣ್ಣೆಗೈ ಒಮ್ಮೆ ಜಾರಿದರೆ ಸಾಕು. ಆದ್ದರಿಂದ ಈ ಪಿಸ್ತೂಲಿಗೆ ನನ್ನ ನಿಯಮ ಒಂದೇ. ರೇಂಜಿನಲ್ಲಿ ಗುರಿಯ ಕಡೆ ತಿರುಗಿ ನಿಂತು ಹಾರಿಸಲು ಸಿದ್ಧವಾಗುವವರೆಗೂ ಚೇಂಬರ್ ಖಾಲಿ. ಹಾರಿಸಿ ಮುಗಿದ ಕೂಡಲೇ ಮತ್ತೆ ಖಾಲಿ. ಸೊಂಟದಲ್ಲಿಟ್ಟು ಓಡಾಡಲು, ದಿಂಬಿನ ಕೆಳಗೆ ಇಟ್ಟುಕೊಳ್ಳಲು ಇದು ತಕ್ಕ ಪಿಸ್ತೂಲಲ್ಲ.

ನಿಮ್ಮ ಪಿಸ್ತೂಲಿನ ಎಡಬದಿಯಲ್ಲಿ ಒಂದು ಚಿಕ್ಕ ಸನ್ನೆ ಇದ್ದರೆ ಅದು ಆಮದುದಾರರು ಸೇರಿಸಿದ್ದು. 1968ರ ಬಂದೂಕು ನಿಯಂತ್ರಣ ಕಾಯ್ದೆಯ ಪ್ರಕಾರ ಅಮೆರಿಕಕ್ಕೆ ಬರುವ ಪಿಸ್ತೂಲಿಗೆ ಗಾತ್ರ, ತೂಕ, ಸೇಫ್ಟಿ ಮುಂತಾದವಕ್ಕೆ ಅಂಕ ಹಾಕುತ್ತಾರೆ. ಆ ಪರೀಕ್ಷೆ ದಾಟಿಸಲು ಫ್ರೇಮಿಗೆ ರಂಧ್ರ ಕೊರೆದು ಇದನ್ನು ಕೂರಿಸಿರುತ್ತಾರೆ. ಸಾಮಾನ್ಯವಾಗಿ ಇದು ಟ್ರಿಗರನ್ನು ಮಾತ್ರ ತಡೆಯುತ್ತದೆ, ಹ್ಯಾಮರನ್ನು ತಡೆಯುವುದಿಲ್ಲ. ಅಂದಗೆಡಿಸಿದೆ ಎಂದು ಅದನ್ನು ತೆಗೆದುಕೊಡಿ ಎನ್ನುವವರಿಗೆ ನಾನು ಒಪ್ಪುವುದಿಲ್ಲ. ಇದ್ದರೆ ಇರಲಿ, ಆದರೆ ಅದನ್ನು ನಂಬಿ ತೋಟಾ ತುಂಬಿಡಬೇಡಿ.

ನಿಮ್ಮ ಹೆಂಡತಿಯವರ ಆತಂಕ ಸರಿಯಾದದ್ದು, ಅವರನ್ನು ಸಮಾಧಾನ ಮಾಡುವ ಬದಲು ಅವರ ಕೈಗೇ ಬೀಗದ ಎರಡನೇ ಕೀಲಿ ಕೊಡಿ. ಗೋಡೆಗೆ ಬೋಲ್ಟ್ ಹಾಕಿದ ಉಕ್ಕಿನ ಪೆಟ್ಟಿಗೆಯಲ್ಲಿ ಪಿಸ್ತೂಲು, ಬೇರೆ ಬೀಗದಲ್ಲಿ ತೋಟಾ. ಆರು ವರ್ಷದ ಮಗುವಿಗೆ ಅಟ್ಟದ ಮೇಲಿನ ಡಬ್ಬಿ ಎಲ್ಲಿದೆ ಎಂಬುದು ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಟೆಕ್ಸಾಸ್ ಕಾನೂನಿನಲ್ಲಿಯೂ, ಹಾರಿಸಲು ಸಿದ್ಧವಿರುವ ಬಂದೂಕು 17 ವರ್ಷದೊಳಗಿನ ಮಗುವಿನ ಕೈಗೆ ಸಿಗುವಂತೆ ಅಜಾಗರೂಕತೆಯಿಂದ ಬಿಟ್ಟರೆ ದೊಡ್ಡವರ ಮೇಲೆ ಮೊಕದ್ದಮೆ ಆಗುತ್ತದೆ.

ಭಾವಮೈದನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನೀವು ಗ್ರೀನ್ ಕಾರ್ಡ್ ಇರುವ ಖಾಯಂ ನಿವಾಸಿ, ನಿಮಗೆ ಪಿಸ್ತೂಲು ಇಟ್ಟುಕೊಳ್ಳುವ ಹಕ್ಕಿದೆ. ಎಚ್-1ಬಿ ವಲಸೆಯೇತರ ವೀಸಾ; ಅಂಥ ವೀಸಾದ ಮೇಲೆ ಬಂದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಕೈಯಲ್ಲಿ ಹಿಡಿಯುವುದನ್ನೇ ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ವಿನಾಯಿತಿಗಳಿವೆ, ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿಯಲ್ಲಿರುವ ಬೇಟೆಯ ಲೈಸೆನ್ಸ್ ಇರುವುದು ಅವುಗಳಲ್ಲಿ ಒಂದು. ರೇಂಜಿನಲ್ಲಿ ಹತ್ತು ನಿಮಿಷ ಹಿಡಿದರೂ ಹಿಡಿದದ್ದೇ, ಬಾಡಿಗೆ ಪಿಸ್ತೂಲಾದರೂ ಅಷ್ಟೇ. ಅವರ ವೀಸಾ, ಮುಂದಿನ ಗ್ರೀನ್ ಕಾರ್ಡ್ ಎರಡೂ ಇದರ ಮೇಲೆ ನಿಂತಿರುವುದರಿಂದ, ವಲಸೆ ವಕೀಲರೊಬ್ಬರನ್ನು ಕೇಳಿಯೇ ಅವರು ಹೆಜ್ಜೆ ಇಡಲಿ. ಅಲ್ಲಿಯವರೆಗೆ ಗಾಜಿನ ಆಚೆ ನಿಂತು ನೋಡಲಿ.

ಈಗ ನಿಮ್ಮ ಕೊನೆಯ ಪ್ರಶ್ನೆ, ಹಾರಿಸುವುದೋ ಕಪಾಟಿನಲ್ಲಿಡುವುದೋ. ದುರಸ್ತಿಗಾರರು ಬಿರುಕಿಲ್ಲ, ಉಬ್ಬಿಲ್ಲ, ಅಳತೆ ಸರಿಯಿದೆ ಎಂದರೆ, ಸ್ಪ್ರಿಂಗ್ ಬದಲಾದ ಮೇಲೆ, ಹೊಸ ತೋಟಾದೊಂದಿಗೆ ವರ್ಷಕ್ಕೆ ನಾಲ್ಕಾರು ಸಲ ಹಾರಿಸಿ. ನಾನಾದರೆ ಅದನ್ನೇ ಮಾಡುತ್ತೇನೆ. ತೆಗೆದ ಹಳೆಯ ಸ್ಪ್ರಿಂಗ್‌ಗಳನ್ನು ಎಸೆಯದೆ ಹೆಸರು ಬರೆದು ಪೊಟ್ಟಣ ಕಟ್ಟಿಡಿ. ಮೈಮೇಲಿನ ಬಣ್ಣವನ್ನು ಮಾತ್ರ ಹೊಸದು ಮಾಡಿಸಬೇಡಿ. ಆ ಒರಟು ಗೀರುಗಳೇ 1944ರ ದಾಖಲೆ. ಪ್ರತಿ ವಾರ ನೂರಾರು ಗುಂಡು ಹಾರಿಸಿ ಗುರಿ ಕಲಿಯುವ ಆಸೆ ಇದ್ದರೆ ಇದನ್ನು ದಣಿಸಬೇಡಿ, ಅದಕ್ಕೆ ಮಕರೋವ್ ಆಗಬಹುದು. 1951ರಲ್ಲಿ ಟೊಕರೆವ್‌ನ ಜಾಗಕ್ಕೆ ಬಂದ ಅದು ಚಿಕ್ಕದು, ಸರಳ, ನಳಿಕೆ ಅಲುಗದೆ ಫ್ರೇಮಿಗೇ ಕೂತಿರುತ್ತದೆ, ನಿಜವಾದ ಸೇಫ್ಟಿಯಿದೆ. ಆದರೆ ಆ ಸೇಫ್ಟಿ ಮೇಲಕ್ಕೆ ಎತ್ತಿದರೆ ಭದ್ರ, ಕೆಳಕ್ಕೆ ತಳ್ಳಿದರೆ ಹಾರಿಸಲು ಸಿದ್ಧ. ಅದೇ ಮಾದರಿಯ ಜರ್ಮನ್ ವಾಲ್ಥರ್‌ಗೆ ಇದು ಪೂರ್ತಿ ತಿರುಗುಮುರುಗು, ಎರಡನ್ನೂ ಬಳಸುವವರು ಎಡವುತ್ತಾರೆ. ಅದರ ತೋಟಾ 9×18, ಗುಂಡಿನ ಅಡ್ಡಳತೆ ಸುಮಾರು 9.27 ಮಿಲಿಮೀಟರ್, ಸಾಮಾನ್ಯ 9 ಮಿಲಿಮೀಟರ್ ತೋಟಾಕ್ಕೂ ಅದಕ್ಕೂ ಸಂಬಂಧವಿಲ್ಲ. ನಾಗಾಂತ್ ರಿವಾಲ್ವರ್ ಬಹಳ ಸ್ವಾರಸ್ಯದ ವಸ್ತು, ಅದರ ಸಿಲಿಂಡರ್ ಮುಂದಕ್ಕೆ ಸರಿದು ನಳಿಕೆಗೆ ಒತ್ತಿಕೊಂಡು ಹೊಗೆ ಸೋರದಂತೆ ಮುಚ್ಚುತ್ತದೆ, ಆದರೆ ಟ್ರಿಗರ್ ಬಲು ಬಿಗಿ, ತೋಟಾ ಸಿಗುವುದೂ ಕಷ್ಟ.

ಮೊದಲ ದಿನ ರೇಂಜಿನಲ್ಲಿ ಮ್ಯಾಗಜೀನಿಗೆ ಎಂಟೂ ತುಂಬಬೇಡಿ. ಮೊದಲು ಒಂದು ತೋಟಾ, ಹಾರಿಸಿ ಖಾಲಿ ಕೋಶವನ್ನು ಎತ್ತಿ ನೋಡಿ, ಉಬ್ಬು, ಸೀಳು, ತೂತುಬಿದ್ದ ಪ್ರೈಮರ್ ಇಲ್ಲ ಎಂದರೆ ಎರಡು ತುಂಬಿ. ಒಂದು ಸಲ ಒತ್ತಿದಾಗ ಎರಡೂ ಹಾರಿದರೆ ಹ್ಯಾಮರಿನ ಕಚ್ಚು ಸವೆದಿರಬಹುದು, ಅಲ್ಲಿಗೆ ನಿಲ್ಲಿಸಿ. ಟ್ರಿಗರ್ ಒತ್ತಿದರೂ ಹಾರದಿದ್ದರೆ ಮೂತಿ ಗುರಿಯ ಕಡೆಗೇ ಇರಲಿ, ನಿಧಾನವಾಗಿ ಮೂವತ್ತರವರೆಗೆ ಎಣಿಸಿ ಆಮೇಲೆ ತೆರೆಯಿರಿ. ಹಳೆಯ ಪ್ರೈಮರ್ ತಡವಾಗಿ ಹೊತ್ತಿಕೊಳ್ಳುವುದುಂಟು. ಸದ್ದು ಎಂದಿಗಿಂತ ಮೆತ್ತಗೆ ಬಂದರೆ ಮುಂದಿನದನ್ನು ಹಾರಿಸಲೇಬೇಡಿ, ಗುಂಡು ನಳಿಕೆಯಲ್ಲೇ ಉಳಿದಿರಬಹುದು. ಇದರ ಸದ್ದು ಗಾತ್ರಕ್ಕೆ ಮೀರಿದ್ದು, ಮುಚ್ಚಿದ ರೇಂಜಿನಲ್ಲಿ ಕಿವಿಯೊಳಗೆ ತುರುಕುವ ಪ್ಲಗ್ಗಿನ ಮೇಲೆ ಇಯರ್‌ಮಫ್ಫೂ ಇರಲಿ.

ನೀವು ಕೇಳದೆ ಬಿಟ್ಟ ಒಂದು ವಿಷಯ ಉಳಿದಿದೆ. ರೇಂಜಿಗೆ ಒಯ್ಯುವ ಚೀಲವನ್ನು ಬೇರೆ ಯಾವುದಕ್ಕೂ ಬಳಸಬೇಡಿ. ರಜೆಗೆ ಊರಿಗೆ ಹೊರಡುವಾಗ ಅದೇ ಚೀಲ ಕೈಗೆ ಸಿಕ್ಕಿ, ಅದರ ಹೊಲಿಗೆಯ ಸಂದಿಯಲ್ಲಿ ಮರೆತುಹೋದ ಒಂದೇ ಒಂದು ತೋಟಾ ಬೆಂಗಳೂರಿನ ವಿಮಾನ ನಿಲ್ದಾಣದ ಎಕ್ಸ್-ರೇಯಲ್ಲಿ ಕಂಡರೆ, ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೆ ಪೊಲೀಸ್ ಠಾಣೆ, ವಕೀಲರು, ತಪ್ಪಿದ ವಿಮಾನ ಎಲ್ಲವೂ ಬರುತ್ತವೆ. ಗೊತ್ತಿಲ್ಲದೆ ಉಳಿದಿತ್ತು ಎಂಬುದನ್ನು ನ್ಯಾಯಾಲಯ ಕೇಳಬಹುದು, ಆದರೆ ಅಲ್ಲಿಯವರೆಗೆ ಹೋಗುವುದರಲ್ಲೇ ರಜೆ ಮುಗಿದಿರುತ್ತದೆ. ಹೊರಡುವ ಹಿಂದಿನ ದಿನ ಸೂಟ್‌ಕೇಸು, ಜಾಕೆಟ್ಟಿನ ಜೇಬು, ಕಾರಿನಿಂದ ಎತ್ತಿಕೊಂಡ ಬ್ಯಾಗು, ಎಲ್ಲವನ್ನೂ ಹಾಸಿಗೆಯ ಮೇಲೆ ಮಗುಚಿ, ಬರಿಗೈಯಿಂದ ಸವರಿ ನೋಡಿ.